ಓಣಿಯ ಕೊನೆಯ ಮನೆಗೆ ಮೋಡೆಮ್ ಹೊತ್ತು

ನನ್ನ ಮಂಗತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀವು ಬೇರೆಯವರ ಬಾಯಿಂದ ಕೇಳಿ ನಗುವುದಕ್ಕಿಂತ ಅದು ವಾಸಿ. ಈ ಪ್ರವಾಸದಲ್ಲಿ ನಾನು ಕಿವಿ ಕೇಳದ ಹಿರಿಯರೊಬ್ಬರ ಮುಂದೆ ನಿಂತು ನನ್ನ ಪೂರ್ತಿ ಮಿಮಿಕ್ರಿ ಕಾರ್ಯಕ್ರಮ ನಡೆಸಿಕೊಟ್ಟೆ. ಬಸ್ ಕಂಡಕ್ಟರು, ರೈಲು ಬರುವ ಘೋಷಣೆ, ಅಳುವ ಕೂಸು, ಕೆಟ್ಟ ಮಿಕ್ಸರು, ಯಾವುದನ್ನೂ ಬಿಡಲಿಲ್ಲ. ಅವರು ಮೊದಲಿಂದ ಕೊನೆಯವರೆಗೆ ನಗುಮುಖದಿಂದ ತಲೆದೂಗಿದರು. ನಮ್ಮ ಕಲಬುರಗಿಯಲ್ಲಿ ಯಾರೂ ನನಗೆ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲವಾದ್ದರಿಂದ ಇನ್ನೊಮ್ಮೆಯೂ ಮಾಡಿದೆ.

ಇನ್ನು ಪರದೇಶದ ವಿಷಯ. ನನ್ನ ಗೆಳೆಯರು ದುಬೈ, ಸಿಂಗಾಪುರ ನೋಡಿ ಬಂದು ಬರೆಯುತ್ತಾರೆ. ನನ್ನದು ನಾಸಿಕ್ ಮತ್ತು ಔರಂಗಾಬಾದ್. ಪಾಸ್‌ಪೋರ್ಟ್ ಬೇಕಾಗಲಿಲ್ಲ, ನಿಜ. ಆದರೆ ನಮ್ಮವ್ವನ ಲೆಕ್ಕದಲ್ಲಿ ಸೊಲ್ಲಾಪುರ ದಾಟಿತೆಂದರೆ ಪರದೇಶವೇ. ಅದೂ ಅಲ್ಲದೆ ನಾನು ಕಡೆಗೆ ಹೋಗಿ ತಲುಪಿದ ಓಣಿ ಯಾವ ದೇಶದ ನಕಾಶೆಯಲ್ಲೂ ಇರಲಿಲ್ಲ.

ನಡೆದದ್ದು ಇಷ್ಟು. ನಾಸಿಕದಲ್ಲಿ ನಮ್ಮಪ್ಪನ ಅಕ್ಕ ಶಕುಂತಲಾ ಅತ್ತಿ ಇದ್ದಾರೆ. ಕೇಂದ್ರ ಸರಕಾರದ ಲೆಕ್ಕಪತ್ರದ ಕಚೇರಿಯಲ್ಲಿದ್ದರು. ಬೀದರಿನಿಂದ ಅಲ್ಲಿಗೆ ವರ್ಗವಾಗಿ ಹೋದವರು ಅಲ್ಲೇ ನಿವೃತ್ತರಾಗಿ ಅಲ್ಲೇ ನೆಲೆ ನಿಂತರು. ಒಂದು ದಿನ ಫೋನ್ ಮಾಡಿ, "ಏ ಮಂಗ್ಯಾ, ನಿನಗ ಕೆಲಸ ಸಿಕ್ಕದೇನೋ?" ಅಂದರು. "ಇಲ್ಲ ಅತ್ತಿ." "ಕಂಪ್ಯೂಟರ್ ಕಲ್ತೀನಂತಿದ್ದಿ?" "ಸರ್ಟಿಫಿಕೇಟ್ ಅದ ಅತ್ತಿ." "ಸರ್ಟಿಫಿಕೇಟ್ ಅಲ್ಲೇ ಇಡು, ನೀ ಬಾ."

ಘೋಟಿ

ಮುಂಬೈ ಹತ್ತಿರದ ಕಲ್ಯಾಣದಲ್ಲಿ ರೈಲಿಳಿದು ನಾಸಿಕಿನ ಬಸ್ಸು ಹಿಡಿದೆ. ಘಾಟಿ ಏರುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಕಿಟಕಿಯ ಹೊರಗೆ ಯಾರೋ ಊರುಗಳನ್ನೆಲ್ಲ ಅಳಿಸಿ, ಹೊಸದಾಗಿ ಬರೆಯಲು ಕುಳಿತಂತಿತ್ತು. ಒಂದು ಭತ್ತದ ಗದ್ದೆ ಬರೆಯುತ್ತಿದ್ದರು, ಬೇಡವೆನಿಸಿ ಅಳಿಸುತ್ತಿದ್ದರು.

ಘೋಟಿಯಲ್ಲಿ ಚಹಾಕ್ಕೆ ನಿಂತೆವು. ನಮ್ಮ ಕಡೆ ಬಸ್ಸು ಹೊರಡಬೇಕಾದರೆ ಕಂಡಕ್ಟರು ಸೀಟಿ ಊದಿ "ರೈಟ್" ಅಂತ ಕೂಗುತ್ತಾನೆ. ಅಲ್ಲಿ ಹಗ್ಗ ಜಗ್ಗಿ ಗಂಟೆ ಬಾರಿಸುತ್ತಾರೆ. ಆ ಗಂಟೆಯ ಸದ್ದು ನನಗೆ ದಾರಿಯುದ್ದಕ್ಕೂ ರುಚಿ ಹತ್ತಿಸಿಬಿಟ್ಟಿತ್ತು. ಹೊಸ ಸದ್ದು ಕಿವಿಗೆ ಬಿದ್ದರೆ ನನ್ನ ನಾಲಿಗೆ ತುರಿಸುತ್ತದೆ. ಸೀಟಿನಲ್ಲಿ ಕೂತು ಮೆಲ್ಲಗೆ "ಟಿಣ್‌ಟಿಣ್" ಎಂದೆ. ಡ್ರೈವರ್ ಗೇರು ಹಾಕಿಯೇಬಿಟ್ಟ. ಸಂತೆಪೇಟೆ ಹಿಂದೆ ಸರಿಯತೊಡಗಿತು. ಕಂಡಕ್ಟರು ಚಹಾದ ಗ್ಲಾಸು ಚೆಲ್ಲದಂತೆ ಹಿಡಿದು ಹಿಂದಿನಿಂದ ಓಡಿ ಬರುತ್ತಿದ್ದ. ಮಂಜಿನೊಳಗಿನಿಂದ ಮೊದಲು ಗ್ಲಾಸು ಕಂಡಿತು, ಆಮೇಲೆ ಮನುಷ್ಯ.

ಏದುಸಿರು ಬಿಡುತ್ತ ಹತ್ತಿದವನು ನನ್ನ ಮುಂದೆ ಬಂದು ಟಿಕೆಟ್ ಚೀಲವನ್ನು ನನ್ನ ತೊಡೆಯ ಮೇಲಿಟ್ಟ. "ದಾದಾ, ಆತಾ ತುಮ್ಹೀಚ ತಿಕೀಟ ಫಾಡಾ." ಇನ್ನು ಟಿಕೆಟ್ಟೂ ನೀವೇ ಹರಿಯಿರಿ ಅಂತ. ಬಸ್ಸಿಗೆ ಬಸ್ಸೇ ನಕ್ಕಿತು. ನಾಸಿಕ್ ಬರುವವರೆಗೆ ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದೆ.

ಸಾತಪುರ

ಅತ್ತಿ ಇರುವ ಸಾತಪುರ ನಾಸಿಕಿನ ಕಾರ್ಖಾನೆಗಳ ಬಡಾವಣೆ; ಅದಕ್ಕೆ ಬೆಳಗು ಮಾಡುವುದು ಕಾರ್ಖಾನೆಯ ಸೈರನ್ನು. ಒಂದು ಪಾಳಿ ಮನೆಗೆ, ಒಂದು ಪಾಳಿ ಕೆಲಸಕ್ಕೆ, ರಸ್ತೆ ತುಂಬ ಮೋಟರ್‌ಸೈಕಲ್ಲು. ಅತ್ತಿಯ ಮನೆಯ ಗ್ಯಾಲರಿಯಲ್ಲಿ ನಿಂತು ನೋಡಿದರೆ ಮಂಜಿನೊಳಗೆ ಬರೀ ದೀಪಗಳು ತೇಲಿ ಹೋಗುತ್ತಿದ್ದವು. ಮೇಲಿನ ಮನೆಯಲ್ಲಿ ನಮ್ಮ ಕಡೆಯವರೇ ಇದ್ದರು. ಅವರ ಮಕ್ಕಳಿಗೆ ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತಿತ್ತು. ನಾನು ಮರಾಠಿಯಂತೆ ಸದ್ದು ಮಾಡಿದರೆ ನೆಲಕ್ಕೆ ಬಿದ್ದು ನಗುತ್ತಿದ್ದರು.

ಅತ್ತಿ ನನ್ನನ್ನು ಒಳಕೋಣೆಗೆ ಕರೆದೊಯ್ದು ಒಂದು ಹಳೆಯ ಸೀರೆಯನ್ನು ಸರಿಸಿದರು. ಕೆಳಗೆ ಹಳದಿಗಟ್ಟಿದ ಕಂಪ್ಯೂಟರು, ಅದರ ಪಕ್ಕ ಪುಸ್ತಕದಷ್ಟು ದಪ್ಪನೆಯ ಎರಡು ಮೋಡೆಮ್ ಪೆಟ್ಟಿಗೆಗಳು.

"ಇದೇ ನಮ್ಮ ಓಣಿ," ಅಂದರು.

ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚಿನ ಮಾತು. ಅತ್ತಿಯ ಈ ಕಂಪ್ಯೂಟರು ಮೋಡೆಮಿನ ಮೂಲಕ ಮನೆಯ ಟೆಲಿಫೋನಿಗೆ ತನ್ನನ್ನು ಜೋಡಿಸಿಕೊಂಡು ಕಾಯುತ್ತ ಕೂತಿರುತ್ತಿತ್ತು. ಬ್ಯಾಂಕಿನವರು, ಸರಕಾರಿ ನೌಕರರು, ಬೀದರ–ಕಲಬುರಗಿ ಕಡೆಯಿಂದ ಬಂದ ವ್ಯಾಪಾರಿಗಳು ತಮ್ಮ ಕಂಪ್ಯೂಟರಿನಿಂದ ಆ ನಂಬರಿಗೆ ಫೋನ್ ಹಚ್ಚುತ್ತಿದ್ದರು. ಇದು ಎತ್ತಿ, ಕಿರ್ರೆಂದು ಕೆಮ್ಮಿ, ಬಾಗಿಲು ತೆಗೆಯುತ್ತಿತ್ತು. ಚಿತ್ರವಿಲ್ಲ, ಹಾಡಿಲ್ಲ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಷ್ಟೇ. ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಯಾರಿಗೆ ವರ್ಗವಾಯಿತು, ಬಿಳಿಜೋಳ ಯಾವ ಅಂಗಡಿಯಲ್ಲಿ ಚೆನ್ನಾಗಿದೆ, ಯಾರು ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಅವ್ವನಿಗೆ ಒಂದು ಗಂಟು ಕಳಿಸಬಹುದೇ, ಇಂಥ ಸುದ್ದಿಗಳು.

ಟೆಲಿಫೋನ್ ಲೈನು ಒಂದೇ ಆದ್ದರಿಂದ ಆ ಓಣಿಯಲ್ಲಿ ಒಂದು ಸಲಕ್ಕೆ ಒಬ್ಬರೇ ನಡೆಯಬಹುದಿತ್ತು. ಅದನ್ನು ಕೇಳಿ ನನಗೆ ಏನೋ ಆಯಿತು. ನೂರು ಜನರ ಓಣಿ, ಆದರೆ ನೀವು ಹೋದಾಗ ಯಾರೂ ಇಲ್ಲ. ಅವರ ಮಾತುಗಳು ಮಾತ್ರ ಕಟ್ಟೆಯ ಮೇಲೆ ಕೂತಿವೆ.

"ಇಂಟರ್‌ನೆಟ್ಟಿನ್ಯಾಗ ಒಂದು ಗ್ರೂಪ್ ಮಾಡಿದ್ರ ಮುಗೀತಲ್ಲ ಅತ್ತಿ?" ಎಂದೆ.

"ಆ ಸಂತ್ಯಾಗ ಯಾರ್ ಕೂಡ್ತಾರೋ. ಎಲ್ಲಾರೂ ಒಮ್ಮಿಗೇ ಒದರ್ತಾರ, ಯಾರೂ ಓದಂಗಿಲ್ಲ."

ಕಂಪ್ಯೂಟರನ್ನು ಎಬ್ಬಿಸಲು ಕೂತೆವು. ಅತ್ತಿ ಸ್ಕ್ರೂ ಬಿಚ್ಚಿದರು, ನಾನು ಟಾರ್ಚು ಹಿಡಿದೆ. ಸರ್ಟಿಫಿಕೇಟಿನ ಕೆಲಸ ಅಷ್ಟೇ ಇತ್ತು. ಒಳಗಿನ ಬ್ಯಾಟರಿ ಸತ್ತಿದ್ದರಿಂದ ಅದು ಹಚ್ಚಿದಾಗಲೆಲ್ಲ ಇದು ೧೯೮೦ ಎಂದೇ ತಿಳಿಯುತ್ತಿತ್ತು. ಆಗ ನಾನು ಇನ್ನೂ ಹುಟ್ಟಿರಲಿಲ್ಲ, ಅತ್ತಿ ಇನ್ನೂ ಬೀದರಿನಲ್ಲಿದ್ದರು. ಫ್ಲಾಪಿಗಳಿಗೆ ಬೂಷ್ಟು ಹಿಡಿದಿತ್ತು. ಒಂದನ್ನು ಅತ್ತಿ ಹತ್ತಿಯಿಂದ ಒರೆಸಿ, ಉಸಿರೂದಿ, ದೇವರ ಹೆಸರು ಹೇಳಿ ತೂರಿಸಿದರು. ಕರಕರ ಎಂದು ಯೋಚಿಸಿತು. ಆಮೇಲೆ ಪರದೆಯ ಮೇಲಿಂದ ಕೆಳಕ್ಕೆ, ಸಾಲಿನಿಂದ ಸಾಲಿಗೆ, ಓಣಿ ಇಳಿದು ಬಂತು.

ಕಂಬಗೆರೆ, ಅಡ್ಡಗೆರೆ, ಓರೆಗೆರೆ, ಚುಕ್ಕಿ. ಅಷ್ಟರಲ್ಲೇ ಕಟ್ಟಿದ ಮನೆಗಳು. ಒಬ್ಬೊಬ್ಬ ಸದಸ್ಯರಿಗೆ ಒಂದೊಂದು. ಒಂದು ಮನೆಗೆ ತುಳಸಿಕಟ್ಟೆ, ಒಂದಕ್ಕೆ ಸೈಕಲ್ಲು, ಬ್ಯಾಂಕ್ ಮ್ಯಾನೇಜರರ ಮನೆಗೆ ಎರಡು ಮಹಡಿ. ಹೋಗುವಾಗ ಪ್ರತಿಯೊಬ್ಬರೂ ತಮ್ಮ ಬಾಗಿಲ ಮುಂದೆ ಕೀಲಿಮಣೆಯ ಒಂದು ನಕ್ಷತ್ರ ಚಿಹ್ನೆ ಒತ್ತಿ ಹೋಗುವುದು ಆ ಓಣಿಯ ಪದ್ಧತಿ, ದೀಪ ಹಚ್ಚಿಟ್ಟಂತೆ. ಮುಂದೆ ಬರುವವರಿಗೆ ಕತ್ತಲೆ ಇರಬಾರದು.

"ಯಾರ್ ಬರ್ದಾರ ಅತ್ತಿ ಇದನ್ನ?"

ಅತ್ತಿ ಪರದೆಯ ತುದಿಯಲ್ಲಿದ್ದ, ಎಲ್ಲಕ್ಕಿಂತ ಸಣ್ಣ ಮನೆಯನ್ನು ತೋರಿಸಿದರು. ಅದಕ್ಕೆ ದೀಪವಿರಲಿಲ್ಲ. "ಮಲ್ಲಣ್ಣ. ಔರಂಗಾಬಾದಿನ್ಯಾಗ ಇರ್ತಾರ. ಒಂದೊಂದು ಮನಿ ಗ್ರಾಫ್ ಹಾಳಿ ಮ್ಯಾಲೆ ಬರ್ದು, ಆಮ್ಯಾಲ ಟೈಪ್ ಮಾಡಿ ಕಳಸ್ತಿದ್ರು. ಓಣಿ ನಂದಲ್ಲೋ, ಅವರ್ದು. ನಾ ಬರೀ ಕೀಲಿ ಇಟ್ಕೊಂಡಾಕಿ."

"ಮತ್ತ ಯಾಕ ಮುಚ್ಚಿದ್ರಿ?"

"ಮಂದಿ ಎಲ್ಲಾ ಸೈಬರ್ ಕೆಫೆಗೆ ಓಡಿದ್ರು. ಮುಚ್ಚಿಬಿಡ್ಲೇನು ಅಂತ ಮಲ್ಲಣ್ಣಗ ಫೋನ್ ಮಾಡಿ ಕೇಳ್ದೆ. ಬ್ಯಾಡ್ರಿ ಅಂತಾರ ಅನ್ಕೊಂಡಿದ್ದೆ. ಖುಷಿಲೇ ಒಪ್ಪಿದ್ರು ನೋಡು." ಅತ್ತಿ ಸೀರೆಯ ಸೆರಗಿನಿಂದ ಪರದೆ ಒರೆಸಿದರು. "ಆಮ್ಯಾಲ ಎಷ್ಟು ಸಲ ಫೋನ್ ಮಾಡಿದ್ರೂ ಹೆಣ್ತಿ ಎತ್ತಿ, ಸ್ನಾನಕ್ಕ ಹೋಗ್ಯಾರ ಅಂತಾಳ. ಪ್ರತಿ ಸಲಾನೂ ಸ್ನಾನ! ಅಷ್ಟು ಸ್ವಚ್ಛ ಮನುಷ್ಯಾ ಅಲ್ಲ ಅವರು. ಸೊಕ್ಕು."

"ಅವರನ್ನ ಬಿಟ್ಟು ಓಣಿ ತೆರೀರಿ ಮತ್ತ."

"ಅವರು ಬಂದ್ರ ತೆರಿತೀನಿ. ಬರ್ಲಿಲ್ಲಂದ್ರ ಇದನ್ನ ಭಂಗಾರದವನಿಗೆ ಹಾಕ್ತೀನಿ, ಮುಗೀತು." ಭಂಗಾರ ಅಂದರೆ ಅಲ್ಲಿ ಗುಜರಿ. ಅತ್ತಿ ಹಾಗೆ ಅಂದರೆ ಮಾಡುವವರೇ. "ಅವರ ಮೋಡೆಮ್ ಕೆಟ್ಟಿರ್ಬೇಕು, ಇದನ್ನ ಹಚ್ಚಿ ಅವರ್ನ ಓಣಿಗೆ ಕರ್ಕೊಂಡ್ ಬಾ," ಎನ್ನುತ್ತ ಒಂದು ಮೋಡೆಮನ್ನು ಟವೆಲಿನಲ್ಲಿ ಸುತ್ತಿ, ಕೂಸನ್ನು ಕೊಟ್ಟಂತೆ ನನ್ನ ಕೈಗೆ ಕೊಟ್ಟರು.

ಮನ್ಮಾಡ್

ಔರಂಗಾಬಾದಿಗೆ ಹೋಗಲು ಮನ್ಮಾಡಿನಲ್ಲಿ ರೈಲು ಬದಲಿಸಬೇಕು. ದೊಡ್ಡ ಜಂಕ್ಷನ್ನು. ಎಲ್ಲಿಂದಲೋ ಬಂದವರು ಇನ್ನೆಲ್ಲಿಗೋ ಹೋಗುವ ನಡುವೆ ಅರ್ಧ ನಿದ್ದೆಯಲ್ಲಿ ಕೂತಿರುವ ಜಾಗ. ನಮ್ಮ ವಾಡಿ ಜಂಕ್ಷನ್ನಿನಂತೆಯೇ ಇತ್ತು. ಆದರೆ ವಾಡಿಯಲ್ಲಿ ಪಕ್ಕದವರು, ಯಾವೂರು, ಯಾರ ಪೈಕಿ, ಮದುವೆಯಾಗಿದೆಯೇ ಎಂದು ಕೇಳಿ ಮುಗಿಸುವುದರೊಳಗೆ ರೈಲು ಬರುತ್ತದೆ. ಇಲ್ಲಿ ಪಕ್ಕದ ಅಜ್ಜ ಒಂದೂ ಮಾತಾಡದೆ ತನ್ನ ಶೇಂಗಾದ ಪೊಟ್ಟಣವನ್ನು ಇಬ್ಬರ ನಡುವೆ ಇಟ್ಟ. ತಿನ್ನು ಅನ್ನಲೂ ಇಲ್ಲ. ತಿಂದೆ.

ನನ್ನ ಟವೆಲಿನಿಂದ ವೈರು ಇಣುಕುತ್ತಿತ್ತು. ಅದನ್ನು ಕಂಡು ಪೊಲೀಸನೊಬ್ಬ ಬಂದ. "ಹೇ ಕಾಯ ಆಹೇ?" ಇದೇನು ಅಂತ. ಮೋಡೆಮ್ ಎಂದೆ. ಅದೇನು ಎಂದ. ನನ್ನ ಮರಾಠಿ ಅಲ್ಲಿಗೆ ಮುಗಿಯಿತು. ಹಿಂದಿಯಲ್ಲಿ ಶುರು ಮಾಡಿದೆ, ಅದೂ ಅರ್ಧ ದಾರಿಯಲ್ಲಿ ಕೈಕೊಟ್ಟಿತು. ಆಗ ನನಗೆ ಬರುವ ಒಂದೇ ಭಾಷೆಯನ್ನು ತೆಗೆದೆ. ಚಿಕ್ಕವನಿದ್ದಾಗ ಸೈಬರ್ ಕೆಫೆಯಲ್ಲಿ ಕೇಳಿ ಕಲಿತ ಮೋಡೆಮಿನ ಕೂಗು. ಡಯಲ್ ಸದ್ದು, ಕೀಂ ಎಂಬ ಕರೆ, ಅದಕ್ಕೆ ಆಚೆಯಿಂದ ಬೀಂ ಎಂಬ ಓಗೊಡುವಿಕೆ, ನಡುವೆ ಎರಡು ಬೆಕ್ಕು ಮರಳಿನಲ್ಲಿ ಹೊರಳಾಡಿದಂತೆ ಖರ್ರ್.

ಪ್ಲಾಟ್‌ಫಾರಂ ಎದ್ದು ಕೂತಿತು. ಒಂದು ಕೂಸು ಅಳತೊಡಗಿತು. ಪೊಲೀಸನು ಎರಡೂ ಕೈ ಎತ್ತಿ "ಪುರೇ, ಪುರೇ" ಎಂದ, ಸಾಕು ಸಾಕು ಅಂತ. ಆಮೇಲೆ ತಾನೇ ಟವೆಲಿನ ತುದಿಯನ್ನು ಜಾಗ್ರತೆಯಿಂದ ಒಳಕ್ಕೆ ಸೇರಿಸಿ ಹೋದ. ನನಗಿರುವ ರೋಗ ಆ ಪೆಟ್ಟಿಗೆಗೂ ಇದೆ ಎಂದುಕೊಂಡಿರಬೇಕು. ಶೇಂಗಾದ ಅಜ್ಜ ಮಾತ್ರ ಪೊಟ್ಟಣವನ್ನು ತನ್ನ ಕಡೆಗೆ ಎಳೆದುಕೊಂಡ.

ಔರಂಗಾಬಾದ್

ಈಗ ಛತ್ರಪತಿ ಸಂಭಾಜಿನಗರ. ಆಗಲೂ ಜನರ ಬಾಯಲ್ಲಿ ಎರಡೂ ಹೆಸರಿದ್ದವು. ರಿಕ್ಷಾ ಹಳೆಯ ಕಲ್ಲಿನ ದರವಾಜವೊಂದರ ಕೆಳಗೆ ನುಸುಳುವಾಗ ಒಂದು ಗಳಿಗೆ ತಂಪಾಗಿ, ಸದ್ದೆಲ್ಲ ನಿಂತು, ಮತ್ತೆ ಬಿಸಿಲಿಗೆ ಬಿದ್ದೆವು. ಇಂಥ ದರವಾಜಗಳು ಊರ ತುಂಬ ಇವೆ. ಅವುಗಳ ಗೋಡೆ ಎಲ್ಲಿ ಹೋಯಿತೋ! ಆಚೀಚೆ ಏನೂ ಇಲ್ಲದೆ ಬರೀ ಬಾಗಿಲುಗಳು ನಿಂತಿವೆ.

ಮಲ್ಲಣ್ಣ ಕಾಕಾ ಆಳಂದದ ಕಡೆಯವರು. ಕಬ್ಬಿಣ ಕಾಸಿ ಬಡಿಯುವ ಕಾರ್ಖಾನೆಯೊಂದರಲ್ಲಿ, ಆಳೆತ್ತರದ ಯಂತ್ರದ ಸುತ್ತಿಗೆಗಳ ನಡುವೆ ಜೀವನ ಕಳೆದವರು. ಬಾಗಿಲು ತೆರೆದು ನನ್ನ ಮುಖ ನೋಡಿದರು. ನಾನು ಶಕುಂತಲಾ ಅತ್ತಿಯ ಅಳಿಯ, ಕಲಬುರಗಿಯಿಂದ ಬಂದೆ ಎಂದೆ.

"ಛಲೋ ಆತು, ಛಲೋ ಆತು!" ಅಂದರು, ಮೂರು ಮನೆಗೆ ಕೇಳುವಂತೆ.

ಪ್ರಯಾಣ ಹೇಗಾಯಿತೆಂದು ಹೇಳಿದೆ. ಅದಕ್ಕೂ ಛಲೋ ಆತು. ಮನ್ಮಾಡಿನಲ್ಲಿ ಪೊಲೀಸ್ ಹಿಡಿದ ಎಂದೆ. ಭಾಳ ಛಲೋ ಆತು. ಒಳ್ಳೆಯ ರಸಿಕರು ಸಿಕ್ಕರು ಎಂದುಕೊಂಡು ನಾನು ಕಾರ್ಯಕ್ರಮ ಶುರು ಮಾಡಿದೆ. ಅದರ ಕಥೆಯನ್ನು ಮೇಲೆ ಹೇಳಿಯಾಗಿದೆ. ಮತ್ತೆ ಹೇಳಿಸಬೇಡಿ.

ಟವೆಲು ಬಿಚ್ಚಿದಾಗ ಅವರ ನಗು ನಿಂತಿತು. ಮೋಡೆಮನ್ನು ತಿರುಗಿಸಿ ಮುರುಗಿಸಿ ನೋಡಿದರು, ಹೆಬ್ಬೆರಳಿನಿಂದ ಅದರ ದೀಪಗಳ ಸಾಲನ್ನು ಸವರಿದರು. ಮಂಚದ ಪಕ್ಕದಲ್ಲಿ ಅವರ ಹಳೆಯ ಕಂಪ್ಯೂಟರು ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಇತ್ತು. ಅದನ್ನು ತೆಗೆದು, ಬೆನ್ನು ತಿರುಗಿಸಿ ಧೂಳು ಒರೆಸುತ್ತ ಗೋಡೆಗೆ ಹೇಳಿದಂತೆ ಹೇಳಿದರು:

"ಅಕ್ಕಾರು ಓಣಿ ಮುಚ್ಚಿಬಿಟ್ರಪ್ಪಾ. ಒಂದಿನ ಫೋನ್ ಹಚ್ಚಿದ್ರ ಹತ್ತಲೇ ಇಲ್ಲ. ನನಗೊಂದು ಮಾತು ಹೇಳಲಿಲ್ಲ. ನಾ ಕಟ್ಟಿದ ಮನಿಗೋಳು."

ಫೋನ್ ಮಾಡಿ ಕೇಳಿದೆ ಎನ್ನುತ್ತಾರೆ ಅತ್ತಿ, ಹೇಳಲೇ ಇಲ್ಲ ಎನ್ನುತ್ತಾರೆ ಕಾಕಾ. ನನ್ನ ತಲೆ ಕೆಟ್ಟಿತು. ವಾತಾವರಣ ತಿಳಿ ಮಾಡೋಣವೆಂದು, ಅವರ ಬೆನ್ನ ಹಿಂದೆ ನಿಂತು, ನನ್ನ ಬತ್ತಳಿಕೆಯಲ್ಲಿರುವುದರಲ್ಲೇ ಅತ್ಯುತ್ತಮವಾದದ್ದನ್ನು ಬಿಟ್ಟೆ. ಶಕುಂತಲಾ ಅತ್ತಿಯ ದನಿ: "ಮಲ್ಲಣ್ಣಾ! ಏನ್ ನಡಿಸೀರಿ?"

ಅಡಿಗೆಮನೆಯಿಂದ ಕಾಕಾನ ಹೆಂಡತಿ ನೀಲಾ ಕಾಕು ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದರು. "ಅಯ್ಯ, ಅಕ್ಕಾರು ಬಂದ್ರೇನು?" ಕಿಟಕಿಯಲ್ಲಿದ್ದ ಬೆಕ್ಕು ಕೂಡ ಇಳಿದು ಹೋಯಿತು. ಧೂಳು ಒರೆಸುತ್ತಿದ್ದವರು ಮಾತ್ರ ತಿರುಗಲಿಲ್ಲ.

ನಾನು ಕಾಕುವನ್ನು ನೋಡಿದೆ. ಅವರು ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದರು.

"ಹೇಳ್ಬ್ಯಾಡಪ್ಪಾ. ತನಗ ಕಿವಿ ಕೇಳಂಗಿಲ್ಲಂತ ಅವರಿಗೆ ಗೊತ್ತದ. ಅದು ನಮಗ ಗೊತ್ತದ ಅಂತ ಅವರಿಗೆ ಗೊತ್ತಿಲ್ಲ."

"ಯಾವಾಗಿಂದ ಕಾಕು?"

"ಭಾಳ ವರ್ಷ ಆತು. ಕಾರ್ಖಾನ್ಯಾಗ ಗೊತ್ತಾದ್ರ ಕೆಲಸದಿಂದ ತೆಗೀತಿದ್ರು, ಮಗಳ ಮದಿವಿ ಬ್ಯಾರೆ ಬಂದಿತ್ತು. ಹಂಗಾಗಿ ಕೇಳ್ತದ ಅಂತ ತೋರ್ಸ್ಲಕ ಸುರು ಮಾಡಿದ್ರು. ರಿಟೈರ್ ಆದ್ರೂ ಬಿಡ್ಲಕ ಬರ್ಲಿಲ್ಲ." ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿದರು. "ಫೋನ್ ಬಂದ್ರ ನಾನೇ ಸ್ನಾನಕ್ಕ ಕಳಸ್ತೀನಿ."

ನನ್ನ ಎರಡು ಕಾರ್ಯಕ್ರಮಗಳೂ ಒಟ್ಟಿಗೆ ನೆನಪಾಗಿ ನನ್ನ ಕಿವಿ ಬಿಸಿಯಾದವು.

ಸಂಜೆ ಬಿಸಿಲು ಹಳದಿಯಾಗುವ ಹೊತ್ತಿಗೆ ವೈರುಗಳನ್ನೆಲ್ಲ ಜೋಡಿಸಿ ನಾಸಿಕಿಗೆ ಫೋನ್ ಹಚ್ಚಿದೆ. ಮೋಡೆಮ್ ಕೂಗಿತು, ಆಚೆಯದು ಓಗೊಟ್ಟಿತು. ಕಾಕಾ ಅದರ ಬೆನ್ನ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರಂತೆ ಕಣ್ಣು ಮುಚ್ಚಿದರು. ಕೆಂಪು ದೀಪ ನಿಂತು ಉರಿಯಿತು. ಕಣ್ಣು ತೆರೆದಾಗ ಪರದೆಯ ಮೇಲೆ ಮನೆಗಳು ಒಂದೊಂದಾಗಿ ಇಳಿಯುತ್ತಿದ್ದವು. ಅವರ ತುಟಿ ಅಲುಗುತ್ತಿತ್ತು. ಆ ಮನೆಗಳವರ ಹೆಸರು ಹೇಳುತ್ತಿದ್ದರು.

ಆಗ ನಾಸಿಕಿನಿಂದ ಅತ್ತಿ ಪರದೆಯೊಳಗೆ ಬಂದರು. ಈ ಹಳೆಯ ವ್ಯವಸ್ಥೆಯಲ್ಲಿ ಓಣಿಯ ಒಡತಿ ಬಯಸಿದರೆ ಬಂದವರ ಜೊತೆ ನೇರವಾಗಿ ಹರಟಬಹುದು. ಬರೆದು ಮುಗಿಸಿ ಕಳಿಸುವುದಲ್ಲ, ಒತ್ತಿದ ಅಕ್ಷರ ಒತ್ತಿದ ಗಳಿಗೆಯಲ್ಲೇ ಆಚೆ ಮೂಡುತ್ತದೆ. ತಡವರಿಸಿದರೆ ತಡವರಿಸಿದ್ದೂ ಕಾಣುತ್ತದೆ, ಅಳಿಸಿದರೆ ಅಳಿಸಿದ್ದೂ.

ಯಾರು, ಎಂದು ಮೂಡಿತು.

ಕಾಕಾ ಕೈಗಳನ್ನು ಕೀಲಿಮಣೆಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಯಾರು, ಎಂದು ಮತ್ತೆ ಬಂತು. ಕಾಕಾ ಕಿಟಕಿಯ ಕಡೆ ಮುಖ ಮಾಡಿ ಎದ್ದುಬಿಟ್ಟರು. ನನಗೆ ಗುಜರಿಯವನ ಕೈಗಾಡಿ ಕಣ್ಣ ಮುಂದೆ ಬಂತು. ಖಾಲಿ ಕುರ್ಚಿಗೆ ಹಾರಿ ಕೂತೆ. ಊರೆಲ್ಲರ ದನಿ ಮಾಡಿದವನಿಗೆ ಬೆರಳಿನಲ್ಲಿ ಒಬ್ಬರ ದನಿ ಬರದೇ?

ನಾ ಮಲ್ಲಣ್ಣ ಅಕ್ಕಾರ. ಆರಾಮ ಅದೀರೇನು? ನಿಮ್ಮ ಓಣಿ ನೆನಪು ಭಾಳ ಆಗಿತ್ತು.

ಅತ್ತಿಯ ಉತ್ತರ ಮೂಡಿತು: ಮಂಗ್ಯಾ, ಕುರ್ಚಿ ಬಿಟ್ಟು ಏಳು.

ಹೆಂಗ ಗೊತ್ತಾತು ಅತ್ತಿ, ಎಂದು ಒತ್ತಿದೆ.

ಮಲ್ಲಣ್ಣ ಎಂದೂ ಅಳಿಸೂದಿಲ್ಲ. ತಪ್ಪಾದ್ರ ತಪ್ಪೇ ಬಿಟ್ಟು ಮುಂದ ಹೋಗ್ತಾರ, ಬಿದ್ದ ಸುತ್ತಿಗಿ ಏಟು ಬಿತ್ತು ಅಂತಾರ. ನೀ ಒಂದು ಸಾಲಿನ್ಯಾಗ ಎಷ್ಟು ಸಲ ಅಳಿಸ್ದಿ. ಅದೂ ಅಲ್ಲದ ಅವರು ಓಣಿಗೆ ನಿಮ್ಮ ಓಣಿ ಅನ್ನಂಗಿಲ್ಲ.

ಹಿಂದಿನಿಂದ ಗಟ್ಟಿಯಾದ ನಗು ಕೇಳಿಸಿತು. ಕಾಕಾ ನನ್ನ ತಲೆಯ ಮೇಲಿಂದ ಓದುತ್ತಿದ್ದರು. "ಏಳೋ, ಸಾಕು!" ಎಂದು ಸೊಂಟದಿಂದ ನೂಕಿದರು. ನಾನು ಮಂಚದ ಮೇಲೆ ಬಿದ್ದೆ. ಅವರು ಎರಡೇ ಬೆರಳಿನಲ್ಲಿ, ಒಂದೊಂದು ಪದವನ್ನು ಬಡಿದು, ನಿಂತು, ಮತ್ತೆ ಬಡಿಯುತ್ತ ಬರೆಯತೊಡಗಿದರು. ಕಾಕು ಬಾಗಿಲಲ್ಲಿ ನಿಂತು ಏನಂತ ಬರೆದಾರ ಎಂದರು. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು. ನಾನು ಓದಿ ಹೇಳತೊಡಗಿದೆ. ಮೊದಲ ಸಾಲನ್ನು ಕಾಕಾನ ದನಿಯಲ್ಲೇ ಓದಿದೆ. ಎರಡನೆಯದಕ್ಕೆ ಅತ್ತಿಯ ದನಿ ಬಾಯಿಗೆ ಬರಲಿಲ್ಲ. ಉಳಿದದ್ದನ್ನೆಲ್ಲ ನನ್ನ ಸ್ವಂತ ದನಿಯಲ್ಲಿ ಓದಿದೆ. ಅದು ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಓಣಿ ಮುಚ್ಚೂ ಮುಂದ ನನಗ ಒಂದು ಮಾತು ಹೇಳ್ಬಾರ್ದಿತ್ತೇನ್ರಿ ಅಕ್ಕಾರ.

ಹೇಳಿದ್ನಲ್ಲರಿ. ಫೋನ್ ಮಾಡಿದ್ದೆ. ಮುಚ್ಚಿಬಿಡ್ಲೇನು ಅಂದೆ. ಛಲೋ ಆತು ಅಂದ್ರಿ.

ಪರದೆಯ ಮೇಲೆ ಕರ್ಸರಿನ ಹಸಿರು ಚೌಕ ಮಿಣುಕುತ್ತ ನಿಂತಿತು. ಬೀದಿಯಲ್ಲಿ ಯಾರೋ ತರಕಾರಿ ಕೂಗುತ್ತ ಹೋದರು, ದೂರವಾದರು. ಕಾಕಾ ಒಂದು ಸಲ ಕಾಕುವಿನ ಕಡೆ ನೋಡಿದರು. ನಾನು ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿರುವುದನ್ನು ಅವರು ನನ್ನ ತುಟಿಯಲ್ಲಿ ಕಂಡಿದ್ದರು. ಮುಂದಿನದನ್ನು ಬರೆದರೆ ಅದೂ ಕಾಕುವಿಗೆ ತಿಳಿಯುತ್ತದೆ. ಕಾಕು ಬರೆಯಿರಿ ಎಂಬಂತೆ ಹಿಟ್ಟು ಮೆತ್ತಿದ ಕೈ ಆಡಿಸಿದರು. ಕಾಕಾ ಬಹಳ ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಬಡಿದರು.

ಆಗಿಂದಲೇ ನನಗ ಫೋನಿನ್ಯಾಗ ಏನೂ ಕೇಳಿಸ್ತಿದ್ದಿಲ್ಲರಿ. ಈಗ ಎದುರಿಗೆ ನಿಂತು ಅಂದ್ರೂ ಕೇಳಿಸಂಗಿಲ್ಲ. ಯಾರ್ ಏನ್ ಅಂದ್ರೂ ಛಲೋ ಆತು ಅಂತೀನಿ.

ಆಚೆಯಿಂದ ಒಂದಕ್ಷರ ಮೂಡಿತು, ಅಳಿಯಿತು. ಒಂದು ಪದ ಮೂಡಿತು, ಅದೂ ಅಳಿಯಿತು. ಅತ್ತಿ ತಡವರಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅಯ್ಯ ನನ್ನಪ್ಪಾ. ಸೊಕ್ಕು ಅಂತ ತಿಳ್ಕೊಂಡಿದ್ನಲ್ಲರಿ. ಇಷ್ಟು ವರ್ಷ ಈ ಕುರ್ಚಿ ಮ್ಯಾಲೇ ಕೂತು ಬಾಯಿಗೆ ಬಂದಂಗ ಬೈದೀನಿ. ಮಂದಿ ಮುಂದೂ ಬೈದೀನಿ. ಅದನ್ನೆಲ್ಲಾ ಈಗ ಹೆಂಗ ವಾಪಸ್ ತೊಗೊಳ್ಲಿ.

ಕಾಕಾ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಎರಡು ಬೆರಳೂ ಎತ್ತಿ, ಒಂದಕ್ಷರವನ್ನೂ ಅಳಿಸದೆ ಬಡಿದರು:

ಬಿಡ್ರಿ ಅಕ್ಕಾರ, ನನಗ ಒಂದೂ ಕೇಳಿಸಿಲ್ಲ.